ಪೊಲೀಸ್ ಬಣ್ಣದ ಸ್ಲಾಟ್ ಕಾರು: ನೆತ್ತಿಯ ದೀಪ ನೋಡಿ ಕೊಳ್ಳಿ

ಮಾಮೂಲಿ ರೇಸ್ ಕಾರಿಗೆ ಪೊಲೀಸ್ ಬಣ್ಣ ಬಳಿದರೆ ಪೊಲೀಸ್ ಸ್ಲಾಟ್ ಕಾರು (ಸೀಳಿರುವ ಟ್ರ್ಯಾಕಿನ ಮೇಲೆ ಕರೆಂಟಿನಿಂದ ಓಡುವ ಆಟಿಕೆ ಕಾರು) ಆಯಿತು ಎಂದು ಬಹಳ ಜನ ತಿಳಿದಿರುತ್ತಾರೆ. ಟ್ರ್ಯಾಕಿಗೆ ಇಳಿಸಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಛಾವಣಿಯ ಮೇಲೆ ಕೂತ ದೀಪದ ಪಟ್ಟಿಯಿಂದಾಗಿ ತೂಕ ಮೇಲಕ್ಕೆ ಹೋಗುತ್ತದೆ, ಬಾಡಿಗೂ ಚಾಸಿಗೂ (ಮೋಟಾರು, ಚಕ್ರ ಕೂರುವ ತಳಭಾಗ) ನಡುವೆ ಎರಡು ವೈರು ಹೆಚ್ಚಾಗುತ್ತವೆ, ಪಲ್ಟಿಯಾದಾಗ ನೆಲಕ್ಕೆ ಮೊದಲು ಬಡಿಯುವುದೂ ಅದೇ ಪಟ್ಟಿ. ಹಾಗಾಗಿ ಈ ಕಾರುಗಳಲ್ಲಿ ಕಂಪನಿ, ಬಣ್ಣ, ಬೆಲೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೆತ್ತಿಯನ್ನು. ಈ ವಿಮರ್ಶೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬರೆದದ್ದು.

ಹೊಸಬರಿಗೆ ಎರಡು ಮಾತು. ಸ್ಲಾಟ್ ಕಾರಿನ ಟ್ರ್ಯಾಕಿನಲ್ಲಿ ಒಂದೊಂದು ಲೇನಿಗೆ ಒಂದೊಂದು ಸೀಳು, ಸೀಳಿನ ಎರಡೂ ಪಕ್ಕ ಲೋಹದ ಹಳಿ. ಕಾರಿನ ಮೂತಿಯ ಕೆಳಗಿರುವ ಗೈಡ್ ಸೀಳಿನಲ್ಲಿ ಕೂರುತ್ತದೆ, ಅದರ ಎರಡು ಬ್ರೇಡುಗಳು (ಹೆಣೆದ ಲೋಹದ ಪಟ್ಟಿಗಳು) ಹಳಿಯಿಂದ ಕರೆಂಟು ತೆಗೆದುಕೊಂಡು ಮೋಟಾರಿಗೆ ಕೊಡುತ್ತವೆ. ಕೈಯಲ್ಲಿರುವ ಕಂಟ್ರೋಲರಿನಿಂದ ವೇಗ ಮಾತ್ರ ನಿಮ್ಮ ಹಿಡಿತದಲ್ಲಿ, ಸ್ಟೀರಿಂಗ್ ಇಲ್ಲ. ತಿರುವಿನಲ್ಲಿ ವೇಗ ಜಾಸ್ತಿಯಾದರೆ ಗಾಡಿ ಸೀಳು ಬಿಟ್ಟು ಹೊರಗೆ ಹಾರುತ್ತದೆ. ಇಂಗ್ಲೆಂಡಿನ ಸ್ಕೇಲೆಕ್ಸ್‌ಟ್ರಿಕ್ 1957ರಿಂದ, ಜರ್ಮನಿಯ ಕರೇರಾ 1963ರಿಂದ ಇದನ್ನು ಮಾಡುತ್ತಿವೆ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಅಳತೆ ಎರಡು: 1:43 ಮತ್ತು 1:32, ಅಂದರೆ ನಿಜವಾದ ಕಾರಿನ ಉದ್ದದ 43ನೇ ಅಥವಾ 32ನೇ ಒಂದು ಭಾಗ.

ನಮ್ಮ ಕಡೆ ಪೊಲೀಸ್ ಗಾಡಿ ಎಂದರೆ ಬೊಲೆರೊ, ಇನ್ನೋವಾ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲೂ ವೇಗ ಹಿಡಿಯುವ ಕೆಲಸವನ್ನು ಹೆಚ್ಚಾಗಿ ಕ್ಯಾಮೆರಾಗಳೇ ಮಾಡುತ್ತವೆ. ಸ್ಪೋರ್ಟ್ಸ್ ಕಾರನ್ನೇ ಗಸ್ತಿಗೆ ಇಳಿಸಿದ ದೇಶಗಳಿವೆ, ಮಾದರಿಗಳು ಹುಟ್ಟಿದ್ದು ಅಲ್ಲಿಂದ. ಇಟಲಿಯ ಪೊಲೀಸರಿಗೆ 2004ರಲ್ಲಿ ಲ್ಯಾಂಬೋರ್ಗಿನಿ ಗಯಾರ್ಡೊ ಸಿಕ್ಕಿತು, ಆಮೇಲೆ ಹುರಾಕಾನ್ ಬಂತು. ಅದರ ಮುಂಭಾಗದ ಡಿಕ್ಕಿಯಲ್ಲಿ ಕಸಿಗೆ ಬೇಕಾದ ಅಂಗಾಂಗವನ್ನು ತಂಪಾಗಿಟ್ಟು ಸಾಗಿಸುವ ವ್ಯವಸ್ಥೆ ಇದೆ. 2020ರಲ್ಲಿ ಪಡುವಾದಿಂದ ರೋಮ್‌ಗೆ ಮೂತ್ರಪಿಂಡ ಒಯ್ದದ್ದು ಅಂಥದೇ ಕಾರು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಹೆದ್ದಾರಿ ಪೊಲೀಸರು 1982ರಲ್ಲಿ ಫೋರ್ಡ್ ಮಸ್ಟಾಂಗ್ ತೆಗೆದುಕೊಂಡರು, ಷೆವರ್ಲೆ 1991ರಿಂದ 2002ರವರೆಗೆ ಬಿ4ಸಿ ಎಂಬ ಹೆಸರಿನಲ್ಲಿ ಪೊಲೀಸರಿಗೆಂದೇ ಕಮಾರೊ ಮಾರಿತು. ಜಪಾನಿನ ತೋಚಿಗಿ ಪೊಲೀಸರ ಬಳಿ ಹೋಂಡಾ ಎನ್‌ಎಸ್‌ಎಕ್ಸ್ ಇದೆ, ನಿಸಾನ್ ಜಿಟಿ-ಆರ್ ಇದೆ. ದುಬೈಯವರದ್ದು ಬೇರೆಯೇ ಲೋಕ, 2013ರಲ್ಲಿ ಅವೆಂಟಡಾರ್‌ನಿಂದ ಶುರು ಮಾಡಿ ಬುಗಾಟಿ ವೇರಾನ್ ತನಕ ಹೋದರು. ಈ ಹಿನ್ನೆಲೆ ಗೊತ್ತಿದ್ದರೆ ಮಾದರಿಯ ಬಣ್ಣ ನಿಜವಾದದ್ದೋ ಕಂಪನಿ ಕಲ್ಪಿಸಿಕೊಂಡದ್ದೋ ಎಂದು ಡಬ್ಬಿಯ ಮೇಲಿನ ಚಿತ್ರ ನೋಡಿಯೇ ಹೇಳಬಹುದು. ಇಟಲಿಯದ್ದು ತಿಳಿನೀಲಿಗೆ ಬಿಳಿ ಪಟ್ಟೆ, ದುಬೈಯದ್ದು ಬಿಳಿಗೆ ಕಡು ಹಸಿರು, ಬ್ರಿಟನ್ನಿನದ್ದು ಹಳದಿ-ನೀಲಿ ಚೌಕುಳಿ.

ಮೊದಲು ಚಿಕ್ಕ ಅಳತೆ, ಕರೇರಾ ಗೋ ಸರಣಿಯ 1:43. ಆರು ವರ್ಷ ದಾಟಿದ ಮಕ್ಕಳಿಗೆ ಇದೇ ಸರಿ. 14.8 ವೋಲ್ಟಿನ ಅಡಾಪ್ಟರು, ಎರಡು ಲೇನು, ಕಂಟ್ರೋಲರಿನಲ್ಲಿ ಟರ್ಬೊ ಗುಂಡಿ. ಗುಂಡಿ ಒತ್ತದಿದ್ದರೆ ವೇಗಕ್ಕೆ ಮಿತಿ ಇರುತ್ತದೆ, ಒತ್ತಿದರೆ ಪೂರ್ತಿ. ಈ ಅಳತೆಯಲ್ಲಿ ಪೊಲೀಸ್ ಕಾರಿನ ದೀಪ ಉರಿಯದೆ ಬರೀ ಬಣ್ಣದ ಪ್ಲಾಸ್ಟಿಕ್ ತುಂಡಾಗಿದ್ದರೆ ಅದನ್ನು ಕೊರತೆ ಎಂದು ಎಣಿಸಬೇಡಿ. ವೈರು ಇಲ್ಲ, ಕಳಚಿಕೊಳ್ಳುವ ಭಯ ಇಲ್ಲ, ಪಟ್ಟಿಯೂ ಹಗುರ. ಹಿಂಬದಿಯ ಮ್ಯಾಗ್ನೆಟ್ಟು ಇಷ್ಟು ಚಿಕ್ಕ ಗಾಡಿಯನ್ನು ಹಳಿಗೆ ಚೆನ್ನಾಗಿ ಹಿಡಿದಿಡುತ್ತದೆ. ಕಷ್ಟ ಬರುವುದು ಬೇರೆ ಕಡೆ. ಬಣ್ಣ ಎಷ್ಟೋ ಸಲ ಯಾವ ದೇಶಕ್ಕೂ ಸೇರದ ಸಾಮಾನ್ಯ ‘ಪೊಲೀಸ್’ ಬಣ್ಣ, ಅಕ್ಷರಗಳು ದಪ್ಪ, ಒಳಗೆ ಡ್ರೈವರ್ ಇರುವುದಿಲ್ಲ, ಗಾಜೇ ಕಪ್ಪು. ಷೋಕೇಸಿನಲ್ಲಿ ಇಡಲು ಕೊಳ್ಳುವವರಿಗೆ ಇದು ತೃಪ್ತಿ ಕೊಡದು. ಮಗುವಿಗೆ ಕೊಡುವವರು ಇಲ್ಲಿಗೇ ನಿಲ್ಲಿಸಬಹುದು.

1:32ಕ್ಕೆ ಬಂದರೆ ವಿಷಯ ನಿಜವಾಗಿ ಶುರುವಾಗುತ್ತದೆ. ಕರೇರಾದ ಕಮಾರೊ ಶೆರಿಫ್ ಡಿಜಿಟಲ್ 132 ಸಾಲಿನದು, ನೆತ್ತಿಯ ದೀಪ ಮಿನುಗುತ್ತದೆ. ಕಮಾರೊ ಅಗಲವಾದ ಗಾಡಿ. ಎರಡು ಹಿಂಚಕ್ರಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ನೆತ್ತಿಯ ಭಾರ ಉರುಳಿಸುವುದು ಕಷ್ಟ, ಹಾಗಾಗಿ ದೀಪದ ಪಟ್ಟಿ ಹೊರುವುದಕ್ಕೆ ಇದು ಹೇಳಿ ಮಾಡಿಸಿದ ಆಕಾರ. ಸ್ಕೇಲೆಕ್ಸ್‌ಟ್ರಿಕ್‌ನ ಬಿಎಂಡಬ್ಲ್ಯು 330ಐ ಪೊಲೀಸ್ ಸೆಡಾನು, ಸ್ಪೋರ್ಟ್ಸ್ ಕಾರ್ ಎನ್ನುವುದು ಸ್ವಲ್ಪ ಎಳೆದಂತಾಗುತ್ತದೆ. ಛಾವಣಿ ಎತ್ತರ, ದೀಪ ಅದಕ್ಕಿಂತ ಎತ್ತರ. ಆದರೆ ಬ್ರಿಟನ್ನಿನ ಚೌಕುಳಿ ಬಣ್ಣ ನಿಜವಾದ ಗಸ್ತು ಕಾರಿನಂತೆಯೇ ಕಾಣುತ್ತದೆ. ಇಟಾಲಿಯನ್ ಬಣ್ಣದ ಗಯಾರ್ಡೊ ಬೇಕೆಂದರೆ ಆಟೋಆರ್ಟ್‌ನ ಹಳೆಯ 1:32 ಮಾದರಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಬೇಕು. ಮೂರರಲ್ಲಿ ನೋಡಲು ಅತಿ ಚೆಂದದ್ದು ಅದೇ: ಗಾಡಿಯೇ ತಗ್ಗು, ದೀಪದ ಪಟ್ಟಿಯೂ ತಗ್ಗು. ಬಿಡಿಭಾಗ ಸಿಗುವುದು ಕಷ್ಟವಾದ್ದರಿಂದ ಓಡಿಸುವ ಗಾಡಿಯಾಗಿ ಅದನ್ನು ಕೊಳ್ಳಿ ಎನ್ನಲಾಗದು. ದಿನಾ ಓಡಿಸುವುದಕ್ಕೆ ಒಂದೇ ಒಂದು ಎಂದರೆ ಕಮಾರೊ.

ಹಳಿಯ ಲೋಹದ ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಕಾರು ಒಂದು ಕಂಪನಿಯದ್ದು ಟ್ರ್ಯಾಕು ಇನ್ನೊಂದರದ್ದು ಆದಾಗ ಪೊಲೀಸ್ ಗಾಡಿಯೇ ಮೊದಲು ಉರುಳುವುದು. ಕರೇರಾದ ಹಳಿ ಸ್ಟೇನ್‌ಲೆಸ್ ಸ್ಟೀಲು. ತುಕ್ಕು ಹಿಡಿಯುವುದಿಲ್ಲ, ಆದರೆ ಮ್ಯಾಗ್ನೆಟ್ಟನ್ನು ಸ್ಕೇಲೆಕ್ಸ್‌ಟ್ರಿಕ್ ಹಳಿಯಷ್ಟು ಬಲವಾಗಿ ಸೆಳೆಯುವುದಿಲ್ಲ. ಸ್ಕೇಲೆಕ್ಸ್‌ಟ್ರಿಕ್ ಹಳಿಗೆಂದು ಹೊಂದಿಸಿದ ಎತ್ತರದ ಸೆಡಾನನ್ನು ಕರೇರಾ ಟ್ರ್ಯಾಕಿಗೆ ಹಾಕಿದರೆ ಹಿಡಿತ ಕಡಿಮೆಯಾಗಿ ಮೊದಲ ತಿರುವಿನಲ್ಲೇ ಮಗುಚುತ್ತದೆ. ಮ್ಯಾಗ್ನೆಟ್ಟಿಗೂ ಹಳಿಗೂ ಇರುವ ಅಂತರ ಅರ್ಧ ಮಿಲಿಮೀಟರ್ ಬದಲಾದರೂ ಹಿಡಿತದಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಮ್ಯಾಗ್ನೆಟ್ಟಿನ ಕೆಳಗೆ ಸುಮಾರು 1 ಮಿ.ಮೀ. ಜಾಗ ಉಳಿಯುವಂತೆ ತೆಳುವಾದ ಪ್ಲಾಸ್ಟಿಕ್ ತುಂಡು ಕೊಟ್ಟು ಇಳಿಸಿಕೊಳ್ಳಬಹುದು, ಹಳಿಗೆ ತಾಗಲೇಬಾರದು. ಗೈಡಿನ ಆಳವನ್ನೂ ನೋಡಿ: ಬೇರೆ ಕಂಪನಿಯ ಗೈಡು ಸೀಳಿನ ತಳಕ್ಕೆ ತಾಗಿದರೆ ಮುಂಚಕ್ರ ಎದ್ದು ನಿಂತು ಬ್ರೇಡು ಹಳಿ ಬಿಡುತ್ತದೆ.

ಒಳಗಿನ ಎಲೆಕ್ಟ್ರಾನಿಕ್ ಚಿಪ್ ಹಳಿಯಲ್ಲಿ ಬರುವ ಸಂಕೇತ ಓದಿ ಓಡುವುದು ಡಿಜಿಟಲ್ ಕಾರು, ಚಿಪ್ ಇಲ್ಲದೆ ಹಳಿಯ ಕರೆಂಟಿನಿಂದ ನೇರ ಓಡುವುದು ಅನಲಾಗ್. ಡಿಜಿಟಲ್ ಕಾರುಗಳ ಮಟ್ಟಿಗಂತೂ ಬೆರಕೆ ನಡೆಯುವುದಿಲ್ಲ. ಕರೇರಾದ ಡಿಜಿಟಲ್ ಕಾರು ಸ್ಕೇಲೆಕ್ಸ್‌ಟ್ರಿಕ್ ಡಿಜಿಟಲ್ ಟ್ರ್ಯಾಕಿನ ಸಂಕೇತ ಅರ್ಥ ಮಾಡಿಕೊಳ್ಳದು. ಕರೇರಾದ ಡಿಜಿಟಲ್ ಕಾರನ್ನು ಅದೇ ಕಂಪನಿಯ ಅನಲಾಗ್ ಟ್ರ್ಯಾಕಿನಲ್ಲಿ ಓಡಿಸಲು ಅಡ್ಡಿಯಿಲ್ಲ. ಸ್ಕೇಲೆಕ್ಸ್‌ಟ್ರಿಕ್‌ನಲ್ಲಿ ಡಿಪಿಆರ್ ಎಂದು ಗುರುತಿರುವ ಗಾಡಿಯ ಹೊಟ್ಟೆಯ ಮುಚ್ಚಳ ಬಿಚ್ಚಿ ಚಿಪ್ ಸಿಕ್ಕಿಸಿದರೆ ಅನಲಾಗ್ ಗಾಡಿ ಡಿಜಿಟಲ್ ಆಗುತ್ತದೆ.

ಪೊಲೀಸ್ ಕಾರಿಗೆ ಈ ಅನಲಾಗ್–ಡಿಜಿಟಲ್ ಭೇದ ಬೇರೆ ಕಾರಿಗಿಂತ ಹೆಚ್ಚು ಮುಖ್ಯ. ಅನಲಾಗ್ ಟ್ರ್ಯಾಕಿನಲ್ಲಿ ಕಂಟ್ರೋಲರಿನ ಟ್ರಿಗರ್ ಒತ್ತಿದಾಗ ಮಾತ್ರ ಹಳಿಯಲ್ಲಿ ಕರೆಂಟು. ತಿರುವಿಗೆ ಬಂದು ಬೆರಳು ಸಡಿಲಿಸಿದ ಕ್ಷಣ ದೀಪವೂ ಆರುತ್ತದೆ, ನಿಧಾನಕ್ಕೆ ಹೋದರೆ ಮಂಕಾಗುತ್ತದೆ. ಗಸ್ತಿನ ದೀಪ ಗಾಡಿ ನಿಂತಾಗಲೂ ಮಿನುಗಬೇಕು, ಅದರ ಸೊಗಸೇ ಅದು. ಡಿಜಿಟಲ್ ಟ್ರ್ಯಾಕಿನಲ್ಲಿ ಹಳಿಗೆ ಸದಾ ಕರೆಂಟು ಇರುತ್ತದೆ (ಕರೇರಾದಲ್ಲಿ 18 ವೋಲ್ಟು, ಸ್ಕೇಲೆಕ್ಸ್‌ಟ್ರಿಕ್‌ನಲ್ಲಿ 15), ದೀಪ ಬಿಡದೆ ಮಿನುಗುತ್ತದೆ. ಉರಿಯುವ ದೀಪಕ್ಕೆಂದೇ ಹೆಚ್ಚು ದುಡ್ಡು ಕೊಡುವುದಾದರೆ ಡಿಜಿಟಲ್ ಟ್ರ್ಯಾಕ್ ಇದ್ದರೆ ಮಾತ್ರ ಕೊಡಿ.

ಅನಲಾಗ್ ಟ್ರ್ಯಾಕ್ ಇದ್ದವರಿಗೂ ಒಂದು ದಾರಿ ಇದೆ. 1:32 ಗಾಡಿಯಾದರೆ ಒಳಗೆ ಜಾಗ ಮಾಡಿಕೊಳ್ಳಬಹುದು. ಬೇಕಾದದ್ದೆಲ್ಲ ಊರಿನ ಯಾವುದೇ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ: ತಾನಾಗಿ ಮಿನುಗುವ 3 ಮಿ.ಮೀ. ನೀಲಿ ಎಲ್‌ಇಡಿ ಎರಡು, 1 ಕಿಲೋಓಮ್ ಕಾಲು ವಾಟ್ ರೆಸಿಸ್ಟರ್ ಎರಡು, 1ಎನ್4007 ಡಯೋಡ್ ಒಂದು, 470 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಒಂದು, ತೆಳು ವೈರು. ಗೈಡಿನ ಪ್ಲಸ್ ವೈರಿನಿಂದ ಮೊದಲು ಡಯೋಡು, ಬೆಳ್ಳಿ ಗೆರೆ ಇರುವ ತುದಿ ದೀಪದ ಕಡೆಗೆ. ಡಯೋಡು ದಾಟಿದ ಮೇಲೆ ಕೆಪಾಸಿಟರಿನ ಪ್ಲಸ್ಸು, ಅದರ ಮೈನಸ್ಸು ಗೈಡಿನ ಇನ್ನೊಂದು ವೈರಿಗೆ. ಕೆಪಾಸಿಟರಿನಿಂದ ಒಂದೊಂದು ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್. ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದರೆ ಒಂದು ಮಿನುಗುವಾಗ ಇನ್ನೊಂದರ ಬೆಳಕು ಏರಿಳಿಯುತ್ತದೆ. 14.8 ವೋಲ್ಟಿನಲ್ಲಿ ಎಲ್‌ಇಡಿಗೆ 3.2, ಡಯೋಡಿಗೆ 0.7 ಹೋದರೆ ಉಳಿಯುವ 10.9 ವೋಲ್ಟಿಗೆ 1 ಕಿಲೋಓಮ್ ಕೊಡುವುದು ಸುಮಾರು 11 ಮಿಲಿಆಂಪ್. ಎಲ್‌ಇಡಿಗೆ ಸುಖ, ರೆಸಿಸ್ಟರೂ ಬಿಸಿಯಾಗದು.

ಡಯೋಡು ಬಿಟ್ಟರೆ ಏನಾಗುತ್ತದೆ? ಟ್ರಿಗರ್ ಬಿಟ್ಟಾಗ ಕೆಪಾಸಿಟರಿನಲ್ಲಿ ತುಂಬಿದ್ದು ದೀಪಕ್ಕೆ ಹೋಗದೆ ಮೋಟಾರಿಗೆ ಹರಿದು ಖಾಲಿಯಾಗುತ್ತದೆ. ಡಯೋಡು ಇದ್ದರೆ ಬೆರಳು ಬಿಟ್ಟ ಮೇಲೂ ಅರ್ಧ ಸೆಕೆಂಡಿನಷ್ಟು ಹೊತ್ತು ಬೆಳಕು ನಿಲ್ಲುತ್ತದೆ, ಒಂದು ತಿರುವಿನ ಬ್ರೇಕಿಗೆ ಅಷ್ಟು ಸಾಕು. ಕೆಪಾಸಿಟರ್ ಸುಮಾರು 10 ಮಿ.ಮೀ. ದಪ್ಪದ ಡಬ್ಬಿ, ಛಾವಣಿಗೆ ಅಂಟಿಸಬೇಡಿ, ಚಾಸಿಯ ತಳದಲ್ಲಿ ಮಲಗಿಸಿ. ಮೇಲೆ ಇಟ್ಟರೆ ದೀಪಕ್ಕಿಂತ ಅದೇ ಗಾಡಿಯನ್ನು ಉರುಳಿಸುತ್ತದೆ. ಡಿಜಿಟಲ್ ಗಾಡಿಗೆ ಕೆಪಾಸಿಟರ್ ಹಾಕಲೇಬೇಡಿ. ಅಲ್ಲಿ ಅದರ ಅಗತ್ಯ ಇಲ್ಲ, ಹಳಿಯ ಮೇಲೆ ಹರಿಯುವ ಸಂಕೇತವನ್ನೂ ಕೆಡಿಸಬಹುದು. 18 ವೋಲ್ಟಿಗೆ ರೆಸಿಸ್ಟರನ್ನು 1.5 ಕಿಲೋಓಮಿಗೆ ಏರಿಸಿ.

ದೀಪದ ಪಟ್ಟಿ ಮುರಿದರೆ ಫೆವಿಕ್ವಿಕ್ ಹಾಕುವುದು ನಮ್ಮಲ್ಲಿ ಅಭ್ಯಾಸ. ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅದರ ಆವಿ ತಾಗಿದರೆ ಬಿಳಿ ಮಬ್ಬು ಕೂರುತ್ತದೆ, ಮತ್ತೆ ಹೋಗುವುದಿಲ್ಲ. ಫೆವಿಬಾಂಡಿನ ದ್ರಾವಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಸಾದಾ ಬಿಳಿ ಫೆವಿಕಾಲ್ ತೆಳುವಾಗಿ ಹಚ್ಚಿ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಕಾಣುವುದೂ ಇಲ್ಲ, ಮುಂದಿನ ಸಲ ಪಲ್ಟಿಯಾದಾಗ ಪಟ್ಟಿ ಚೂರಾಗದೆ ಅಂಟಿನ ಜಾಗದಲ್ಲೇ ಕಳಚಿಕೊಳ್ಳುತ್ತದೆ. ಕಳಚಿದ್ದನ್ನು ಮತ್ತೆ ಅಂಟಿಸಬಹುದು.

ಬಾಡಿ ಬಿಚ್ಚುವಾಗಲೂ ಎಚ್ಚರ ಬೇಕು. ದೀಪದ ವೈರು ಬಾಡಿಯಿಂದ ಚಾಸಿಗೆ ಬರುತ್ತದೆ, ಸ್ಕ್ರೂ ತೆಗೆದು ರಪ್ಪನೆ ಎತ್ತಿದರೆ ಬೆಸುಗೆ ಕಿತ್ತುಬರುತ್ತದೆ. ಒಂದು ಪಕ್ಕದಿಂದ ಪುಸ್ತಕ ತೆರೆದಂತೆ ಎತ್ತಿ, ವೈರು ಎಲ್ಲಿದೆ ನೋಡಿ, ಆಮೇಲೆ ಪೂರ್ತಿ ಬಿಚ್ಚಿ. ಮುಚ್ಚುವಾಗ ವೈರು ಗೇರಿಗೆ ಅಥವಾ ಹಿಂದಿನ ಆಕ್ಸಲಿಗೆ ತಾಗದಂತೆ ಟೇಪು ಹಾಕಿ ಬದಿಗೆ ಒತ್ತಿಡಿ. ಸ್ಕ್ರೂಗಳನ್ನು ಪೂರ್ತಿ ಬಿಗಿದು, ಮತ್ತೆ ಅರ್ಧ ಸುತ್ತಿನಿಂದ ಒಂದು ಸುತ್ತು ಸಡಿಲಿಸಿ. ಬಾಡಿ ತುಸು ಅಲುಗಾಡುವಂತಿದ್ದರೆ ನೆತ್ತಿಯ ಭಾರದ ಅದಿರಾಟ ಚಾಸಿಗೆ ನೇರ ಇಳಿಯುವುದಿಲ್ಲ. ತಿರುವಿನಲ್ಲಿ ಗಾಡಿ ಕುಣಿಯುವುದು ಇಷ್ಟರಿಂದಲೇ ಎಷ್ಟೋ ಕಡಿಮೆಯಾಗುತ್ತದೆ. ಎಲ್ಲ ಪೊಲೀಸ್ ಮಾದರಿಗೂ ಮೊದಲು ಮಾಡಬೇಕಾದ ಕೆಲಸ ಇದು, ಖರ್ಚೇನೂ ಇಲ್ಲ.

ಇನ್ನುಳಿದ ಸಿದ್ಧತೆ ಎಲ್ಲ ಸ್ಲಾಟ್ ಕಾರಿಗೂ ಒಂದೇ. ಹೊಸ ಮೋಟಾರನ್ನು ಚಕ್ರ ಮೇಲೆತ್ತಿ 4–5 ವೋಲ್ಟಿನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿದರೆ ಒಳಗಿನ ಬ್ರಷ್ ಹದವಾಗಿ ಕೂರುತ್ತದೆ. ಆಕ್ಸಲ್ ಬುಷ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಸೂಜಿ ತುದಿಯಲ್ಲಿ ಒಂದು ಹನಿ, ಗೇರಿಗೆ ಚೂರು ಗ್ರೀಸು. ಎಣ್ಣೆ ಟೈರಿಗೆ ಹರಿದರೆ ಹಿಡಿತ ಹೋಯಿತು. ಬ್ರೇಡಿನ ತುದಿಯನ್ನು ತುಸು ಬಿಡಿಸಿ ಕೆಳಕ್ಕೆ ಬಾಗಿಸಿ, ಆದರೆ ಮುಂಚಕ್ರ ಏಳುವಷ್ಟು ಬೇಡ. ಬ್ರೇಡು ಸವೆದು ಹೊಸದು ಸಿಗದಿದ್ದರೆ ಬೆಸುಗೆ ಹೀರುವ ತಾಮ್ರದ ವಿಕ್ ಪಟ್ಟಿ ತಂದು ಅದರಲ್ಲಿರುವ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು ಕತ್ತರಿಸಿ ಹಾಕಬಹುದು. ಹಳಿ ಒರೆಸಲೂ ಅದೇ ಆಲ್ಕೊಹಾಲು, ನೂಲು ಬಿಡದ ಬಟ್ಟೆ. ಸ್ಟೀಲ್ ವೂಲ್ ಮುಟ್ಟಲೇಬೇಡಿ. ಅದರ ಎಳೆಗಳು ಮ್ಯಾಗ್ನೆಟ್ಟಿಗೆ ಹತ್ತಿ ಎರಡು ಹಳಿಗಳ ನಡುವೆ ಶಾರ್ಟ್ ಮಾಡುತ್ತವೆ. ಬಾಡಿಯ ಬಿಳಿ ಬಣ್ಣ ಕೊಳೆಯಾದರೆ ಸೋಪಿನ ನೀರು ಸಾಕು. ಥಿನ್ನರ್ ಹಾಕಿದರೆ ‘ಪೊಲೀಸ್’ ಅಕ್ಷರವೂ ಬಟ್ಟೆಗೆ ಬರುತ್ತದೆ.

ಟ್ರ್ಯಾಕ್ ಹಾಸುವ ಜಾಗದ ಲೆಕ್ಕ. ಕರೇರಾದ 1:32 ಟ್ರ್ಯಾಕಿನ ಉದ್ದ ತುಂಡು 345 ಮಿ.ಮೀ., ಅಗಲ 198. ಆರು 60 ಡಿಗ್ರಿ ತಿರುವು ಸೇರಿದರೆ ಒಂದು ವೃತ್ತ, ಹೊರಗಿನ ಅಳತೆ ಸುಮಾರು 80 ಸೆಂ.ಮೀ. ಒಂದೊಂದು ಪಕ್ಕಕ್ಕೂ ನಾಲ್ಕು ಉದ್ದ ತುಂಡು ಹಾಕಿದ ಅಂಡಾಕಾರಕ್ಕೆ ಏಳೂಕಾಲು ಅಡಿ ಉದ್ದ, ಎರಡೂಮುಕ್ಕಾಲು ಅಡಿ ಅಗಲ ಬೇಕು, ಗಾಡಿ ಹಾರಿ ಬೀಳಲು ಸುತ್ತ ಒಂದಡಿ ಬೇರೆ. ಹಳೆಯ ಮನೆಗಳ ಕೆಂಪು ಗಾರೆ ನೆಲವೋ ಮೊಸಾಯಿಕ್ಕೋ ಇದ್ದರೆ ಅಲ್ಲೇ ಹಾಸಿ, ಸಮವಾಗಿರುತ್ತದೆ. ಜಮಖಾನದ ಮೇಲೆ ಬೇಡ: ಅದರ ನೂಲು ಹಿಂದಿನ ಆಕ್ಸಲಿಗೆ ಸುತ್ತಿ ಗೇರು ಬಿಗಿಯಾಗುತ್ತದೆ. ಬಿಗಿಯಾದದ್ದು ತಿಳಿಯದೆ ಟ್ರಿಗರ್ ಒತ್ತಿಯೇ ಹಿಡಿದರೆ ಮೋಟಾರು ಸುಡುತ್ತದೆ. ದಸರಾ ರಜೆಯಲ್ಲಿ ನಡುಮನೆಯ ಅರ್ಧ ಜಾಗ ಬೊಂಬೆಗಳಿಗೆ ಹೋಗಿರುವ ಮನೆಗಳಲ್ಲಿ ಊಟದ ಮೇಜಿನ ಮೇಲೆ ಹಾಸುವುದುಂಟು. ಹಾಗೆ ಮಾಡಿದರೆ ಅಂಚಿಗೆ ತಡೆಗೋಡೆ ಕಡ್ಡಾಯ. ಎರಡೂವರೆ ಅಡಿ ಎತ್ತರದಿಂದ ಟೈಲ್ಸ್ ಮೇಲೆ ತಲೆಕೆಳಗಾಗಿ ಬಿದ್ದರೆ ದೀಪದ ಪಟ್ಟಿ ಉಳಿಯುವುದಿಲ್ಲ.

ಪೊಲೀಸ್ ಕಾರನ್ನು ಒಂಟಿಯಾಗಿ ಕೊಂಡು ಪ್ರಯೋಜನವಿಲ್ಲ, ಅಟ್ಟಿಸಿಕೊಂಡು ಹೋಗಲು ಸರಿಜೋಡಿಯಾಗಿ ಒಂದು ‘ಕಳ್ಳನ’ ಗಾಡಿ ಬೇಕು. ಅಂಡಾಕಾರದ ಟ್ರ್ಯಾಕಿನಲ್ಲಿ ಎರಡು ಲೇನುಗಳ ನಡುವೆ ಸುಮಾರು 10 ಸೆಂ.ಮೀ. ಇರುವುದರಿಂದ ಹೊರಲೇನಿನವನು ಸುತ್ತಿಗೆ 62–63 ಸೆಂ.ಮೀ. ಹೆಚ್ಚು ಓಡಬೇಕು. ನೆತ್ತಿ ಭಾರದ ಗಾಡಿಗೆ ಹೊರಲೇನೇ ಒಳ್ಳೆಯದು, ತಿರುವು ಅಗಲ. ಆದರೆ ದೂರದ ಈ ನಷ್ಟ ಸರಿದೂಗಿಸದಿದ್ದರೆ ಕಳ್ಳ ಯಾವತ್ತೂ ಸಿಗುವುದಿಲ್ಲ. ಲೇನುಗಳು ಅದಲುಬದಲಾಗುವ ತುಂಡು ಒಂದನ್ನು ಸೇರಿಸಿದರೆ ದೂರ ಸಮವಾಗುತ್ತದೆ, ಅಲ್ಲಿ ಎರಡೂ ಗಾಡಿ ಒಟ್ಟಿಗೆ ಬಂದರೆ ಡಿಕ್ಕಿಯೂ ಆಗುತ್ತದೆ. ಅನಲಾಗಿನಲ್ಲಿ ಪೊಲೀಸನ್ನು ಅರ್ಧ ಸುತ್ತು ಹಿಂದೆ ನಿಲ್ಲಿಸಿ ಬಿಡುವುದೇ ಒಳ್ಳೆಯ ಆಟ. ಡಿಜಿಟಲಿನಲ್ಲಿ ಗುಂಡಿ ಒತ್ತಿ ಲೇನ್ ಬದಲಿಸಿ ನಿಜಕ್ಕೂ ಬೆನ್ನ ಹಿಂದೆ ಬೀಳಬಹುದು, ಕರೇರಾದ ಕಂಟ್ರೋಲ್ ಯೂನಿಟ್ಟಿನಲ್ಲಿ ಒಂದೊಂದು ಕಾರಿನ ವೇಗವನ್ನೂ ಬ್ರೇಕನ್ನೂ ಬೇರೆಬೇರೆ ಹೊಂದಿಸಬಹುದು. ಕಳ್ಳನ ಗಾಡಿಯನ್ನು ಒಂದು ಹಂತ ಇಳಿಸಿಟ್ಟರೆ ಮಕ್ಕಳಿಗೂ ಹಿಡಿಯಲು ಸಾಧ್ಯ.

ಕೊಳ್ಳುವ ಬಗ್ಗೆ. ಆಮದು ಆಟಿಕೆಗಳ ಸುಂಕವನ್ನು 2020ರ ಫೆಬ್ರವರಿಯಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಹೊರದೇಶದ ಅಂಗಡಿಯಿಂದ ನೇರ ತರಿಸುವ ಮೊದಲು ಈ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೈಸೂರಿನಲ್ಲಿ ಎಷ್ಟೋ ಸೆಟ್ಟುಗಳು ಬರುವುದು ಅಮೆರಿಕದಿಂದ ರಜೆಗೆ ಬಂದ ನೆಂಟರ ಸೂಟ್‌ಕೇಸಿನಲ್ಲಿ. ಅಂಥ ಸೆಟ್ಟಿನ ಅಡಾಪ್ಟರನ್ನು ನೋಡದೆ ಗೋಡೆಗೆ ಸಿಕ್ಕಿಸಬೇಡಿ. ಅದರ ಬೆನ್ನ ಮೇಲೆ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಸರಿ, ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ, ಪಿನ್ ಬದಲಿಸುವ ಅಗ್ಗದ ಕನ್ವರ್ಟರ್ ವೋಲ್ಟೇಜು ಇಳಿಸುವುದಿಲ್ಲ. ಯುರೋಪಿನ ಸೆಟ್ಟಿಗೆ ವೋಲ್ಟೇಜಿನ ಸಮಸ್ಯೆ ಇಲ್ಲ, ಆದರೆ ಅದರ ಸಣ್ಣ ಪಿನ್ನು ನಮ್ಮ ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು ಕರೆಂಟು ಬಂದು ಹೋಗಿ ಮಾಡುತ್ತದೆ. ಗಾಡಿ ತಡವರಿಸಿದರೆ ಬ್ರೇಡು ಬಿಚ್ಚುವ ಮೊದಲು ಈ ಪಿನ್ನನ್ನು ಒಮ್ಮೆ ಅಲುಗಿಸಿ ನೋಡಿ.

ಸೆಕೆಂಡ್ ಹ್ಯಾಂಡ್ ಪೊಲೀಸ್ ಕಾರು ಸಿಕ್ಕರೆ ಫೋಟೋದಲ್ಲಿ ಛಾವಣಿಯ ಹತ್ತಿರದ ಚಿತ್ರ ಕೇಳಿ: ದೀಪದ ಬುಡದಲ್ಲಿ ಬಿಳಿ ಮಬ್ಬಿದ್ದರೆ ಫೆವಿಕ್ವಿಕ್ ಬಿದ್ದಿದೆ. ಟ್ರ್ಯಾಕಿನ ಮೇಲೆ ನಿಧಾನವಾಗಿ ಓಡಿಸಿದ ವೀಡಿಯೊ ಕೇಳಿ, ಎರಡೂ ದೀಪ ಉರಿಯುತ್ತಿವೆಯೇ ನೋಡಿ. ಒಂದೇ ಉರಿದರೆ ಹೆಚ್ಚಾಗಿ ಎಲ್‌ಇಡಿ ಹೋಗಿರುತ್ತದೆ ಇಲ್ಲವೇ ಬೆಸುಗೆ ಬಿಟ್ಟಿರುತ್ತದೆ, ಸುಲಭದ ಕೆಲಸ. ಎರಡೂ ಉರಿಯದೆ ಗಾಡಿ ಮಾತ್ರ ಓಡಿದರೆ ಬಾಡಿಯ ಕಡೆಗೆ ಹೋಗುವ ವೈರು ಕಿತ್ತಿರಬಹುದು ಅಥವಾ ಮಿನುಗಿಸುವ ಸರ್ಕ್ಯೂಟೇ ಹೋಗಿರಬಹುದು. ಎರಡನೆಯದಾದರೆ ಮೇಲೆ ಹೇಳಿದ ಎಲ್‌ಇಡಿ, ರೆಸಿಸ್ಟರ್ ಹಾಕಿ ಹೊಸದಾಗಿ ಕಟ್ಟಿಕೊಳ್ಳಬೇಕು. ಅದಕ್ಕೆ ತಕ್ಕ ಹಾಗೆ ಬೆಲೆ ಇಳಿಸಿ ಕೇಳಿ.